ಗುರು ಏಕೆ ಬೇಕು?



ಅಷ್ಟಾವರಣಗಳಲ್ಲಿ ಮೊದಲನೆಯದು ಗುರು. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂದು ನಮ್ಮ ಮನೆಗಳ ಚಿಕ್ಕ ಮಕ್ಕಳು ಸಹ ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಲಿಂಗಕ್ಕಿಂತ ಮೊದಲು ಗುರುವನ್ನು ಏಕೆ ಇಟ್ಟರು ಎಂದು ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ. ಲಿಂಗವು ಪರವಸ್ತುವಿನ ಕುರುಹು. ಅದು ಅಂಗೈಯಲ್ಲಿಯೇ ಇದೆ. ಹೀಗಿರುವಾಗ ನಡುವೆ ಇನ್ನೊಬ್ಬರು ಏಕೆ? ದೇವರಿಗೂ ಭಕ್ತನಿಗೂ ನಡುವೆ ಪೂಜಾರಿ ಬೇಡವೆಂದು ಗುಡಿಯನ್ನೇ ಬಿಟ್ಟು ಬಂದ ಶರಣರು ಗುರುವನ್ನು ಮಾತ್ರ ಏಕೆ ಬಿಡಲಿಲ್ಲ?

ಈ ಪ್ರಶ್ನೆಯನ್ನು ನಾವು ಕಟ್ಟಿಕೊಂಡು ಬಂದದ್ದಲ್ಲ. ಕಳೆದ ಸೋಮವಾರ ಒಬ್ಬ ತರುಣರು ಮಠಕ್ಕೆ ಬಂದಿದ್ದರು. ಚೆನ್ನಾಗಿ ಓದಿದವರು, ಬೆಂಗಳೂರಿನಲ್ಲಿ ಕೆಲಸ. ಅವರು ಸಂಕೋಚವಿಲ್ಲದೆ ಕೇಳಿದರು: "ಅಜ್ಜಾರ, ವಚನದ ಪುಸ್ತಕ ಎಲ್ಲಾ ಅದಾವು. ಮೊಬೈಲಿನ್ಯಾಗ ಬೇಕಾದವರ ಪ್ರವಚನ ಕೇಳಬಹುದು. ಲಿಂಗ ಕೊರಳಾಗ ಐತಿ. ಮತ್ತ ಗುರು ಯಾಕ ಬೇಕು?" ಪಕ್ಕದಲ್ಲಿದ್ದ ಅವರ ತಂದೆಯವರಿಗೆ ಮುಖ ಕೆಂಪಾಯಿತು. ಮಗನನ್ನು ಗದರಲು ಹೋದರು. ನಾವು ಬೇಡವೆಂದೆವು. ಇಂಥ ಪ್ರಶ್ನೆ ಕೇಳುವವರು ಮಠಕ್ಕೆ ಬರುತ್ತಿರುವುದೇ ಸಂತೋಷ. ಕೇಳದೆ ಬಂದು, ಕಾಯಿ ಒಡೆಸಿ, ಕೇಳದೆ ಹೋಗುವವರ ಸಂಖ್ಯೆ ಸಾಕಷ್ಟಿದೆ.

ಅವರ ತಂದೆಯವರು ಒಕ್ಕಲುತನದವರು. ಆದ್ದರಿಂದ ಆ ತರುಣರಿಗೆ ಒಕ್ಕಲುತನದ ಮಾತಿನಲ್ಲಿಯೇ ಹೇಳಿದೆವು. ಕೂರಿಗೆ ಹಿಡಿದು ಬಿತ್ತುವವನಿಗೆ ತನ್ನ ಕಾಲ ಮುಂದಿನ ನಾಲ್ಕು ಮಾರು ನೆಲ ಕಾಣುತ್ತದೆ, ಎತ್ತಿನ ಬೆನ್ನು ಕಾಣುತ್ತದೆ. ತಾನು ನೆಟ್ಟಗೆ ಹೊರಟಿದ್ದೇನೆಂದೇ ಅವನ ನಂಬಿಕೆ. ಸಾಲು ಎಲ್ಲಿ ವಾಲಿತು ಎಂಬುದು ಬದುವಿನ ಮೇಲೆ ನಿಂತವನಿಗೆ ಕಾಣುತ್ತದೆ. ಅವನು ಕೂಗಿ ಹೇಳಿದರೆ ಸಾಲು ಸರಿಯಾದೀತು. ಹೇಳುವವರು ಯಾರೂ ಇಲ್ಲದಿದ್ದರೆ ಬಿತ್ತಿದವನಿಗೆ ಸೊಟ್ಟ ತಿಳಿಯುವುದು ಪೈರು ಎದ್ದ ಮೇಲೆ. ಆಗ ಎಡೆಕುಂಟೆ ಹೊಡೆಯಲು ಹೋದರೆ ಕಳೆಯ ಜೊತೆಗೆ ಪೈರೂ ಕಿತ್ತು ಬರುತ್ತದೆ. ಪುಸ್ತಕವು ಬಿತ್ತುವ ವಿದ್ಯೆಯನ್ನು ಹೇಳೀತು. ನಿನ್ನ ಸಾಲು ಇಲ್ಲಿ ವಾಲಿದೆ ಎಂದು ಪುಸ್ತಕ ಹೇಳಲಾರದು. ಪ್ರವಚನವೂ ಅಷ್ಟೇ. ನಾವು ಇಲ್ಲಿ ಕುಳಿತು ಸಾವಿರ ಜನರಿಗೆ ಆಡುತ್ತಿರುವ ಮಾತು ನಿಮ್ಮಲ್ಲಿ ಯಾರೊಬ್ಬರಿಗೂ ಹೇಳಬೇಕಾದ ಆ ಒಂದು ಮಾತಲ್ಲ.

ಇನ್ನು ಪೂಜಾರಿಯ ಪ್ರಶ್ನೆ. ಪೂಜಾರಿ ನಿಮ್ಮ ಪರವಾಗಿ ಪೂಜೆ ಮಾಡುತ್ತಾನೆ. ನೀವು ಹೊರಗೆ ನಿಲ್ಲುತ್ತೀರಿ. ಗುರು ಹಾಗಲ್ಲ. ದೀಕ್ಷೆಯ ದಿನ ಏನು ನಡೆಯುತ್ತದೆ ನೋಡಿ. ಗುರು ಶಿಷ್ಯನ ತಲೆಯ ಮೇಲೆ ಕೈಯಿಡುತ್ತಾನೆ, ಕಿವಿಯಲ್ಲಿ ಮಂತ್ರ ಹೇಳುತ್ತಾನೆ, ಅಂಗೈಯಲ್ಲಿ ಲಿಂಗವನ್ನಿಡುತ್ತಾನೆ. ವೇಧಾ, ಮಂತ್ರ, ಕ್ರಿಯಾ ಎಂದು ಇದನ್ನೇ ಮೂರಾಗಿ ಹೇಳುವುದು. ಇಟ್ಟ ಮೇಲೆ ಗುರು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಲಿಂಗ ಶಿಷ್ಯನ ಕೈಯಲ್ಲಿ ಉಳಿಯುತ್ತದೆ. ನಾಳೆಯಿಂದ ಪೂಜೆ ಶಿಷ್ಯನದು. ಅವನ ಪರವಾಗಿ ಗುರು ಒಂದು ದಿನವೂ ಪೂಜೆ ಮಾಡುವಂತಿಲ್ಲ. ಕೊಡುವ ಕೈಯೂ ಗುರುವಿನದೇ, ಹಿಂದೆ ಸರಿಯುವ ಕೈಯೂ ಗುರುವಿನದೇ. ನಮ್ಮ ಜನ ಕೊಡುವ ಕೈಯನ್ನು ನೆನಪಿಟ್ಟುಕೊಂಡು ಸರಿಯುವ ಕೈಯನ್ನು ಮರೆತಿದ್ದಾರೆ. ಇಂದು ಅದನ್ನೇ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಸೊನ್ನಲಿಗೆಯ ಸಿದ್ಧರಾಮರ ಕಥೆ ನಿಮಗೆ ಗೊತ್ತು. ಸೊನ್ನಲಿಗೆ ಎಂದರೆ ಈಗಿನ ಸೊಲ್ಲಾಪುರ. ಸಿದ್ಧರಾಮರು ಸಾಮಾನ್ಯರಲ್ಲ. ಬಾಲ್ಯದಲ್ಲಿಯೇ ಶ್ರೀಶೈಲದ ಮಲ್ಲಯ್ಯನಿಗೆ ಮನಸೋತವರು. ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಲಿಂಗಗಳನ್ನು ಸ್ಥಾಪಿಸಿದರು, ಬಂದವರಿಗೆ ಅನ್ನ ಇಕ್ಕಿದರು. ಅವರನ್ನು ಬೆರಳು ಮಾಡಿ ತೋರಿಸುವಂಥ ತಪ್ಪು ಎಲ್ಲಿತ್ತು? ಕಳ್ಳನನ್ನು, ಕುಡುಕನನ್ನು ತಿದ್ದುವುದು ಸುಲಭ. ಅವನಿಗೆ ತನ್ನ ತಪ್ಪು ಗೊತ್ತಿರುತ್ತದೆ. ಒಳ್ಳೆಯ ಕೆಲಸ ಮಾಡುವವನನ್ನು ತಿದ್ದುವುದು ಬಹಳ ಕಷ್ಟ. ಊರೆಲ್ಲ ಕೈ ಮುಗಿಯುತ್ತಿರುವಾಗ, ನೀನು ಇಲ್ಲಿ ನಿಂತುಬಿಟ್ಟಿದ್ದೀಯೆ, ಮುಂದೆ ಇನ್ನೂ ದಾರಿಯಿದೆ ಎಂದು ಅವನಿಗೆ ಯಾರು ಹೇಳಬೇಕು?

ಅಲ್ಲಮಪ್ರಭುಗಳು ಹೇಳಿದರು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ. ಪ್ರಭುಗಳು ಸೊನ್ನಲಿಗೆಗೆ ಬಂದರು. ಕೆರೆಯ ಕೆಲಸ ಭರದಿಂದ ನಡೆದಿತ್ತು. ಬಂದವರು ಸಿದ್ಧರಾಮರನ್ನು ಶಿವಯೋಗಿ ಎಂದು ಕರೆಯಲಿಲ್ಲ. ಕಲ್ಲು ಮಣ್ಣು ಹೊರುವ ಕೆಲಸದ ಹೆಸರು ಹಿಡಿದು, ಎಲ್ಲಿದ್ದಾನೆ ಎಂದು ಕೇಳಿದರು. ಕೆಲಸಗಾರರಿಗೆ ಸಹನವಾಗಲಿಲ್ಲ. ತಮ್ಮ ಒಡೆಯನನ್ನು ಅಂದರೆ ಯಾರು ಸಹಿಸುತ್ತಾರೆ? ಕೈಗೆ ಸಿಕ್ಕ ಕಲ್ಲುಗಳನ್ನು ತೂರಿದರು. ಸುದ್ದಿ ಕೇಳಿ ಸಿದ್ಧರಾಮರೂ ಸಿಟ್ಟಿನಿಂದಲೇ ಬಂದರು, ಹಣೆಗಣ್ಣನ್ನು ತೆರೆದರು ಎಂದು ಕಥೆ ಹೇಳುತ್ತದೆ. ಆ ಬೆಂಕಿ ಪ್ರಭುಗಳಿಗೆ ತಾಕಲಿಲ್ಲ.

ಇದನ್ನು ಪವಾಡವೆಂದು ಕೇಳಿ ಕೈಮುಗಿದು ಎದ್ದುಹೋದರೆ ಪ್ರಯೋಜನವಿಲ್ಲ. ಆ ಸಿಟ್ಟು ಎಲ್ಲಿಂದ ಬಂತೆಂದು ನೋಡಬೇಕು. ಎಷ್ಟೋ ವರ್ಷ ಯೋಗ ಮಾಡಿದವರಿಗೆ ಒಂದು ಮಾತಿನಿಂದ ಸಿಟ್ಟು ಬಂತು. ಏಕೆಂದರೆ ಆ ಮಾತು ಅವರ ಕೆರೆಯನ್ನು ಮುಟ್ಟಿತು. ಕೆರೆಯಲ್ಲಿ ದೋಷವಿಲ್ಲ. ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರರ ಹೆಸರಿನ ಕೆರೆಯ ನಡುವೆ ಗುಡಿಯಿದೆ, ಜನ ಹೋಗಿ ಬರುತ್ತಾರೆ. ದೋಷವಿದ್ದುದು 'ನಾನು ಕಟ್ಟಿಸಿದ್ದು' ಎಂಬ ಭಾವದಲ್ಲಿ. ಅದು ತನಗೆ ತಾನೇ ಕಾಣುವಂಥದ್ದಲ್ಲ. ಒಳ್ಳೆಯತನದ ಬೆಳಕಿನ ಹಿಂದೆಯೇ ಕುಳಿತಿರುತ್ತದೆ. ಪ್ರಭುಗಳು ಉಪದೇಶ ಮಾಡಿ ಅದನ್ನು ತೋರಿಸಲಿಲ್ಲ. ಒಂದು ಮಾತಿನಿಂದ ಅದನ್ನು ಮೇಲಕ್ಕೆ ಎಬ್ಬಿಸಿದರು. ಎದ್ದಾಗ ಸಿದ್ಧರಾಮರೇ ಅದನ್ನು ನೋಡಿದರು. ಅವರ ದೊಡ್ಡತನ ಅಲ್ಲಿದೆ, ಹಣೆಗಣ್ಣಿನಲ್ಲಿ ಅಲ್ಲ.

ಮುಂದಿನ ಭಾಗ ನಮಗೆ ಇನ್ನೂ ಮುಖ್ಯವಾಗಿ ತೋರುತ್ತದೆ. ಇಷ್ಟು ದೊಡ್ಡ ಶಿಷ್ಯ ದೊರೆತ ಮೇಲೆ ಪ್ರಭುಗಳು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡು ಸುತ್ತಾಡಿದರೇ? ಇಲ್ಲ. ಕಲ್ಯಾಣಕ್ಕೆ ಕರೆದುಕೊಂಡು ಹೋದರು. ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯನ್ನು ಕೊಟ್ಟವರು ಚೆನ್ನಬಸವಣ್ಣನವರು. ಪ್ರಭುಗಳು ತಾವೇ ಕೊಡಬಹುದಾಗಿತ್ತಲ್ಲವೇ? ಚೆನ್ನಬಸವಣ್ಣನವರು ಇನ್ನೂ ಎಳೆಯ ಪ್ರಾಯದವರು. ಸಿದ್ಧರಾಮರು ಹೆಸರಾಂತ ಶಿವಯೋಗಿಗಳು. ಇಷ್ಟಲಿಂಗ ತಮಗೆ ಬೇಕಿಲ್ಲವೆಂದು ಅವರು ಮೊದಲು ವಾದವನ್ನೂ ಮಾಡಿದರು. ಚೆನ್ನಬಸವಣ್ಣನವರು ಬೇಸರಿಸದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಗೆ ಹಿರಿಯರು ಕಿರಿಯರ ಮುಂದೆ ತಲೆ ಬಾಗಿಸಿದರು. ಲಿಂಗತತ್ತ್ವದ ವಿಚಾರದಲ್ಲಿ ಆ ಬಾಲಕನ ಅರಿವು ಯಾರಿಗೂ ಕಡಿಮೆಯಲ್ಲವೆಂದು ಪ್ರಭುಗಳಿಗೆ ತಿಳಿದಿತ್ತು. ಆದುದರಿಂದ ಅಲ್ಲಿಗೆ ಮುಟ್ಟಿಸಿ ತಾವು ಪಕ್ಕಕ್ಕೆ ನಿಂತರು. ಮುಂದೆ ಅಲ್ಲಮರ ಶೂನ್ಯಪೀಠವನ್ನು ಚೆನ್ನಬಸವಣ್ಣನವರೂ, ಅವರ ನಂತರ ಸಿದ್ಧರಾಮರೂ ಏರಿದರೆಂದು ನಮ್ಮ ಪರಂಪರೆ ಹೇಳುತ್ತದೆ.

ಅಕ್ಕಮಹಾದೇವಿಯವರ ಸಂಗತಿಯೂ ಹಾಗೆಯೇ. ಅನುಭವ ಮಂಟಪದ ಬಾಗಿಲಲ್ಲಿ ಪ್ರಭುಗಳು ಆ ತಾಯಿಗೆ ಕೇಳಿದ ಪ್ರಶ್ನೆಗಳು ಎಷ್ಟು ಕಠೋರವೆಂದು ಎಲ್ಲರೂ ಹೇಳುತ್ತಾರೆ. ಪ್ರಶ್ನೆ ಮುಗಿದ ಮೇಲೆ ಅವರು ಮಾಡಿದ್ದೇನು? ಕಲ್ಯಾಣದಲ್ಲಿಯೇ ಇದ್ದು ನಮ್ಮ ಮಂಟಪಕ್ಕೆ ಶೋಭೆ ತಾ ಎನ್ನಲಿಲ್ಲ. ಅವರ ದಾರಿ ಶ್ರೀಶೈಲದ ಕದಳಿಗೆ ಹೋಗುವ ದಾರಿ ಎಂದು ತಿಳಿದು ಬೀಳ್ಕೊಟ್ಟರು.

ಇಷ್ಟು ಜನರಿಗೆ ದಾರಿ ತೋರಿದ ಪ್ರಭುಗಳಿಗೆ ಗುರು ಯಾರು? ಹರಿಹರ ಕವಿ ಹೇಳುವಂತೆ ಅನಿಮಿಷರು. ಪ್ರಿಯಳಾದ ಕಾಮಲತೆಯನ್ನು ಕಳೆದುಕೊಂಡು ಹುಚ್ಚರಂತೆ ಅಲೆಯುತ್ತಿದ್ದ ಅಲ್ಲಮರಿಗೆ ನೆಲದಲ್ಲಿ ಹುದುಗಿದ್ದ ಗುಡಿಯೊಂದರ ಕಳಸ ಕಾಲುಗುರಿಗೆ ತಾಗಿತು. ಅಗೆಸಿ ಒಳಗೆ ಹೋದರೆ ಅಲ್ಲೊಬ್ಬ ಯೋಗಿ, ರೆಪ್ಪೆ ಬಡಿಯದ ಕಣ್ಣು, ಅಂಗೈಯಲ್ಲಿ ಲಿಂಗ. ಆ ಲಿಂಗ ಅಲ್ಲಮರ ಕೈಗೆ ಬಂತು. ಅನಿಮಿಷರ ಪ್ರಾಣ ಹೋಯಿತು. ಒಂದು ಮಾತೂ ಇಲ್ಲ! ಶರಣರಲ್ಲೆಲ್ಲ ಹೆಚ್ಚು ಮಾತು ಬಲ್ಲವರಿಗೆ ಗುರುವಿನಿಂದ ದೊರೆತ ಉಪದೇಶ ಒಂದು ಅಕ್ಷರವೂ ಅಲ್ಲ. ಶ್ರಾವಣ ಮಾಸವಿಡೀ ದಿನಕ್ಕೊಂದು ತಾಸು ಮಾತನಾಡುವ ನಾವೇ ಇದನ್ನು ನಿಮಗೆ ಹೇಳಬೇಕಾಗಿದೆ!

ಇದೆಲ್ಲ 12ನೆಯ ಶತಮಾನದ ಮಾತು, ಈಗ ಅಂಥವರು ಎಲ್ಲಿ ಎನ್ನುವಿರಿ. ನಿಮ್ಮ ಹಿರಿಯರು ಕಣ್ಣಾರೆ ಕಂಡ ಮಾತನ್ನೇ ಹೇಳುತ್ತೇವೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಂದು ಕೂಸು ಹುಟ್ಟಿತು. ಕಣ್ಣಿಲ್ಲ. ಅಣ್ಣನಿಗೂ ಕಣ್ಣಿಲ್ಲ. ಬಡತನದ ಮನೆ. ಆದರೆ ಹುಡುಗರಿಗೆ ಕಂಠವಿತ್ತು. ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಆ ಹಾಡು ಬಿತ್ತು. ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಕಟ್ಟಿದವರು. ನಾಡಿನ ಮಠಗಳಿಗೆ ಯೋಗ್ಯರಾದ ಸ್ವಾಮಿಗಳನ್ನು ತಯಾರು ಮಾಡಬೇಕೆಂದು ಜೀವ ತೇಯ್ದವರು. ಅವರ ಕೈಯಲ್ಲಿ ಹುಡುಗರಿಗೆ ಹೇಳಿಕೊಡಲು ಯೋಗ ಇತ್ತು, ಶಾಸ್ತ್ರ ಇತ್ತು. ಈ ಕುರುಡ ಹುಡುಗನಿಗೂ ಅದನ್ನೇ ಹೇಳಿಕೊಟ್ಟು, ಒಂದು ಮೂಲೆಯಲ್ಲಿ ಕೂಡಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಇವನ ದಾರಿ ಸಂಗೀತದ್ದು ಎಂದು ಗುರುತಿಸಿದರು. ಆ ವಿದ್ಯೆ ಬಲ್ಲವರಿಂದ ಅವನಿಗೆ ಪಾಠ ಮಾಡಿಸಿದರು. ಕರ್ನಾಟಕ ಸಂಗೀತ ಆಯಿತು, ಹಿಂದುಸ್ತಾನಿಯೂ ಆಯಿತು. ಆ ಹುಡುಗನೇ ಪಂಚಾಕ್ಷರಿ ಗವಾಯಿಗಳು.

ನೋಡಿ, ತನಗೆ ಗೊತ್ತಿದ್ದುದನ್ನು ಕಲಿಸುವವರು ಬಹಳ ಜನ. ಶಿಷ್ಯನಿಗೆ ಬೇಕಾದುದು ತನ್ನ ಹತ್ತಿರ ಇಲ್ಲವೆಂದು ತಿಳಿದು, ಅದು ಇರುವಲ್ಲಿಗೆ ಅವನನ್ನು ಮುಟ್ಟಿಸುವವರು ದುರ್ಲಭ. ಅದಕ್ಕೆ ಪಾಂಡಿತ್ಯಕ್ಕಿಂತ ಹೆಚ್ಚಿನದು ಬೇಕು.

ಪಂಚಾಕ್ಷರಿ ಗವಾಯಿಗಳು ಕಲಿತದ್ದನ್ನು ಹಣ ಮಾಡಿಕೊಳ್ಳಲಿಲ್ಲ. ಅಂಧರು, ಅನಾಥರು, ಬಡವರ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದರು. ಕೊನೆಗೆ ಗದುಗಿನಲ್ಲಿ ನೆಲೆಯಾಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಅವರ ಕೈಯಲ್ಲಿ ಬೆಳೆದವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿದವರು, ಹಸುಗೂಸಿನಲ್ಲಿಯೇ ಕಣ್ಣು ಹೋದವರು. ಕಣ್ಣಿಲ್ಲದ ಗುರು, ಕಣ್ಣಿಲ್ಲದ ಶಿಷ್ಯ. ಲೋಕದ ಲೆಕ್ಕದಲ್ಲಿ ಇಬ್ಬರೂ ಹಳ್ಳಕ್ಕೆ ಬೀಳಬೇಕು. ಆದರೆ ದಾರಿ ತೋರಿಸುವುದು ಚರ್ಮದ ಕಣ್ಣಲ್ಲ. ಹಾಡುವವನ ಸ್ವರ ತಂಬೂರಿಯ ಶ್ರುತಿಯಿಂದ ಒಂದು ಎಳೆ ಜಾರಿದರೆ ಹಾಡುವವನಿಗೇ ಅದು ಕೇಳಿಸುವುದಿಲ್ಲ. ಗುರುವಿಗೆ ಕೇಳಿಸುತ್ತದೆ. ಆತ 'ಹೂಂ' ಎಂದು ತಡೆಯುತ್ತಾನೆ. ಮತ್ತೆ ಅದೇ ಸ್ವರ. ಮತ್ತೆ ತಡೆಯುತ್ತಾನೆ. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಶಿಷ್ಯನ ಕಿವಿಯೇ ಗುರುವಿನ ಕಿವಿಯಾಗುತ್ತದೆ. ಆಗ ಯಾರೂ ತಡೆಯಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ, ಆ ಆಶ್ರಮವನ್ನು ನಡೆಸಿದರು. ಅಷ್ಟೂ ವರ್ಷ ಗುರುಗಳು ಪಕ್ಕದಲ್ಲಿ ಇರಲಿಲ್ಲ, ಶ್ರುತಿ ಇತ್ತು. ಬಸವರಾಜ ರಾಜಗುರುಗಳು ಕೂಡ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಅವರು ಆಮೇಲೆ ಇನ್ನೂ ಅನೇಕರ ಬಳಿ ಕಲಿತರು. ಒಬ್ಬ ಗುರುವಿನ ಬಳಿ ಚೆನ್ನಾಗಿ ಕಲಿತವನು ಇನ್ನೊಬ್ಬರ ಬಳಿ ಕಲಿಯಲು ಹೆದರುವುದಿಲ್ಲ.

ಈಗ ಕಹಿಯಾದ ಒಂದು ಮಾತು. ಗುರು ಬೇಕು ಬೇಕೆಂದು ನಾವು ಹೇಳುತ್ತ ಹೋದರೆ, ಸಿಕ್ಕ ಕಾಲಿಗೆಲ್ಲ ಬೀಳುವವರು ಹೆಚ್ಚುತ್ತಾರೆ. ಮನೆ ಮಾರಿ ಕಾಣಿಕೆ ಒಪ್ಪಿಸಿದವರನ್ನು ನಾವು ಬಲ್ಲೆವು. ಮಗಳ ಲಗ್ನ ಯಾವ ತಿಂಗಳು ಮಾಡಬೇಕು, ಕೊಳವೆ ಬಾವಿ ಎಲ್ಲಿ ಕೊರೆಸಬೇಕು, ಯಾರಿಗೆ ಓಟು ಹಾಕಬೇಕು, ಇದನ್ನೆಲ್ಲ ಗುರುಗಳನ್ನು ಕೇಳಿಯೇ ಮಾಡುವವರೂ ಇದ್ದಾರೆ. ಇದು ಗುರುಭಕ್ತಿಯಲ್ಲ, ಸೋಮಾರಿತನ. ನಿಮ್ಮ ಬುದ್ಧಿಯನ್ನು ಯಾರ ಪಾದದ ಮೇಲೂ ಇಟ್ಟು ಬರಬೇಡಿ. ಅದು ಶಿವನು ನಿಮಗೆ ಕೊಟ್ಟದ್ದು. ಒಬ್ಬರನ್ನು ಗುರುವೆಂದು ನಂಬುವ ಮೊದಲು ಇಷ್ಟು ನೋಡಿ: ಅವರ ಬಳಿ ಹತ್ತು ವರ್ಷ ಇದ್ದವರು ಹೇಗಾಗಿದ್ದಾರೆ? ತಮ್ಮ ಕಾಲ ಮೇಲೆ ನಿಂತಿದ್ದಾರೆಯೇ, ಇಲ್ಲವೇ ಮೊದಲಿಗಿಂತ ಅಂಜುಬುರುಕರಾಗಿದ್ದಾರೆಯೇ? ಬೇರೆ ಮಠಕ್ಕೆ ಹೋಗಿ ಬಂದೆವೆಂದರೆ ಆ ಗುರುಗಳ ಮುಖ ಕಪ್ಪಿಡುತ್ತದೆಯೇ? ಎದುರು ಪ್ರಶ್ನೆ ಕೇಳಲು ಅವಕಾಶವಿದೆಯೇ? ಈ ಒರೆಗಲ್ಲಿಗೆ ನಮ್ಮನ್ನೂ ಹಚ್ಚಿ ನೋಡಿರಿ. ಈ ಪೀಠದ ಮೇಲೆ ಕುಳಿತಿದ್ದೇವೆಂದು ನಮ್ಮನ್ನು ಬಿಡಬೇಡಿ.

ಗುರು ಎಂದ ಕೂಡಲೆ ಕಾವಿ ಬಟ್ಟೆಯೇ ಕಣ್ಣಿಗೆ ಬರಬೇಕಿಲ್ಲ. ಆಯ್ದಕ್ಕಿ ಮಾರಯ್ಯನವರಿಗೆ ಮನೆಯಲ್ಲಿಯೇ ಇದ್ದರು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ದಾಸೋಹಕ್ಕೇ ಆಗುವ ಅಕ್ಕಿ, ತಪ್ಪೇನು ಎಂದು ನಮಗೂ ತೋರುತ್ತದೆ. ಲಕ್ಕಮ್ಮ ತಾಯಿಯವರು ಹೆಚ್ಚಾದುದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ತಿರುಗಿ ಹಾಕಿ ಬನ್ನಿ ಎಂದರು. ಇನ್ನೊಮ್ಮೆ ಮಾರಯ್ಯನವರು ಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಕಾಯಕ ನಿಂತಿದೆ ಎಂದು ಎಚ್ಚರಿಸಿದವರೂ ಆ ತಾಯಿಯೇ. ಪ್ರಭುಗಳ ಸಭೆಯಿಂದ ಗಂಡನನ್ನು ಕೆಲಸಕ್ಕೆ ಎಬ್ಬಿಸುವ ಧೈರ್ಯ ನೋಡಿ! ಇಲ್ಲಿ ಕುಳಿತಿರುವ ಗಂಡಸರು, ನಿಮ್ಮ ಮನೆಯವರು ಹೇಳುವ ಮಾತಿನಲ್ಲಿ ಯಾವುದು ಜಗಳ, ಯಾವುದು ಗುರುವಾಕ್ಯ ಎಂದು ಬೇರ್ಪಡಿಸಿ ಕೇಳುವುದನ್ನು ಕಲಿಯಬೇಕು. ಎರಡೂ ಒಂದೇ ಧ್ವನಿಯಲ್ಲಿ ಬರುವುದರಿಂದ ಸ್ವಲ್ಪ ಕಷ್ಟವಿದೆ.

ಕೊನೆಯದಾಗಿ, ಗುರು ಹೋದ ಮೇಲೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಮುಕ್ತಾಯಕ್ಕನವರಿಗೆ ಅಣ್ಣ ಅಜಗಣ್ಣನೇ ಗುರು. ಅಣ್ಣ ತೀರಿಕೊಂಡಾಗ ಆ ತಾಯಿಗೆ ಒಡಹುಟ್ಟಿದವನೂ ಹೋದ, ಗುರುವೂ ಹೋದ. ಆ ದುಃಖ ಸಣ್ಣದಲ್ಲ. ಪ್ರಭುಗಳು ಅಲ್ಲಿಗೆ ಬಂದರು. ಸತ್ತವರಿಗೆ ಅಳಬಾರದೆಂದು ಒಣ ವೇದಾಂತ ಹೇಳಿದರೆ ಕೇಳುವ ಹೆಣ್ಣುಮಗಳಲ್ಲ ಆಕೆ. ಪ್ರಭುಗಳನ್ನೇ ತಿರುತಿರುಗಿ ಪ್ರಶ್ನಿಸಿದರು. ಅರಿತವನಿಗೆ ಮಾತೇಕೆ ಎಂದು ಕೇಳಿದರು. ಪ್ರಭುಗಳು ಸಿಟ್ಟಾಗಲಿಲ್ಲ, ಎದ್ದು ಹೋಗಲೂ ಇಲ್ಲ. ಅಜಗಣ್ಣನ ಜಾಗದಲ್ಲಿ ತಾವು ಕೂಡಲು ಹೋಗಲಿಲ್ಲ. ಅಣ್ಣ ತೋರಿದ ಅರಿವು ಆಕೆಯಲ್ಲಿಯೇ ಇದೆಯೆಂಬುದನ್ನು ಆಕೆಗೇ ಕಾಣಿಸಿದರು.

ಮೊನ್ನೆ ಮೊನ್ನೆ, 2023ರ ಜನವರಿ 2ರಂದು, ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು ದೇಹ ಬಿಟ್ಟಾಗ ನಿಮ್ಮಲ್ಲಿ ಅನೇಕರು ಅತ್ತಿರಿ. ಅಂಗಿಗೆ ಕಿಸೆಯನ್ನೇ ಇಡಿಸದ ಮಹಾತ್ಮರು. 2018ರಲ್ಲಿ ಸರಕಾರ ಕೊಟ್ಟ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದವರು. ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಹಾಗೆಯೇ ಆಯಿತು. ಹೋಗಿ ತಲೆಯಿಡಲು ಗದ್ದುಗೆಯೂ ಇಲ್ಲ. ಕೆಲವರು ಇದರಿಂದ ನೊಂದರು. ನಮಗೆ ಅದರಲ್ಲಿ ದೀಕ್ಷೆಯ ದಿನ ಹಿಂದಕ್ಕೆ ಸರಿಯುವ ಆ ಕೈಯೇ ಕಂಡಿತು.

ಹೋದ ತಿಂಗಳು ಒಬ್ಬ ವೃದ್ಧ ತಾಯಿ ಬಂದಿದ್ದರು. ಅವರ ದೀಕ್ಷಾಗುರುಗಳು ಲಿಂಗೈಕ್ಯರಾಗಿ ಎರಡು ವರ್ಷ. ಅಂದಿನಿಂದ ಪೂಜೆಗೆ ಮನಸ್ಸು ನಿಲ್ಲುತ್ತಿಲ್ಲವಂತೆ, ಪೂಜೆಯನ್ನೇ ಬಿಟ್ಟಿದ್ದಾರಂತೆ. "ಬ್ಯಾರೆ ಮಂತ್ರ ಏನಾರ ಕೊಡ್ರಿ ಅಜ್ಜಾರ" ಎಂದರು. ನಿಮ್ಮ ಗುರುಗಳು ನಿಮಗೇನು ಹೇಳಿದ್ದರು ತಾಯಿ ಎಂದು ಕೇಳಿದೆವು. ಬಹಳ ಹೊತ್ತು ಯೋಚಿಸಿ ಹೇಳಿದರು: ನಸುಕಿನಲ್ಲಿ ಎದ್ದು, ಲಿಂಗವನ್ನು ಎಡಗೈಯಲ್ಲಿಟ್ಟು, ಮನೆಯವರು ಏಳುವತನಕ ಅದನ್ನೇ ನೋಡುತ್ತ ಕುಳಿತುಕೋ, ಬೇರೇನೂ ಬೇಡ ಎಂದಿದ್ದರಂತೆ. ಹೇಳುತ್ತ ಹೇಳುತ್ತ ಅವರ ಬಲಗೈ ತಾನಾಗಿಯೇ ಕೊರಳಿನ ಕರಡಿಗೆಯ ಮೇಲೆ ಹೋಯಿತು. ನಾವು ಹೊಸದೇನನ್ನೂ ಕೊಡಲಿಲ್ಲ. ನಾಳೆ ನಸುಕಿನಿಂದ ಅದನ್ನೇ ಶುರುಮಾಡಿ, ದೀಪಾವಳಿ ಮುಗಿದ ಮೇಲೆ ಒಮ್ಮೆ ಬಂದು ಹೇಳಿ ಎಂದು ಕಳಿಸಿದೆವು.

ನಾಳೆ ಬೆಳಿಗ್ಗೆ ಐದೂವರೆಗೆ ಇದೇ ಮಂಟಪದಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆ ಇದೆ. ಚಿಕ್ಕಂದಿನಲ್ಲಿ ಲಿಂಗಧಾರಣೆಯಾಗಿ, ಅದನ್ನು ಕೈಯಲ್ಲಿ ಹೇಗೆ ಹಿಡಿಯಬೇಕೆಂದು ಇದುವರೆಗೆ ಯಾರನ್ನೂ ಕೇಳದೆ ಇರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ನಾಚಿಕೆ ಬೇಡ, ಬನ್ನಿ. ಮೊನ್ನೆ ಪ್ರಶ್ನೆ ಕೇಳಿದ ಆ ತರುಣರಿಗೂ ಬರಲು ಹೇಳಿದ್ದೇವೆ. ವಿಭೂತಿ, ವಸ್ತ್ರ ಮಠದಲ್ಲಿಯೇ ಸಿಗುತ್ತದೆ. ಮನೆಯಲ್ಲಿ ಗಡಿಯಾರದ ಕಡೆಗೆ ನೋಡುವ ಅಭ್ಯಾಸ ಇದ್ದವರು ಅದನ್ನು ಮನೆಯಲ್ಲಿಯೇ ಇಟ್ಟು ಬರಬೇಕು.